ಕುಳ್ಳರ ಕಿಲ್ಲಾ, ನಮ್ಮ ತೆಗ್ಗು

ಕಲಬುರಗಿಯಲ್ಲಿ ‘ತೆಗ್ಗು’ ಅನ್ನುವ ಶಬ್ದ ಬಳಸದೆ ಒಂದು ದಿನ ಕಳೆಯುವುದು ಕಷ್ಟ. ರಸ್ತೆಯಲ್ಲಿರುವುದು ತೆಗ್ಗು, ಮಳೆ ಬಂದಾಗ ನೀರು ನುಗ್ಗುವ ಓಣಿ ತೆಗ್ಗಿನ ಓಣಿ, ತೊಗರಿ ವ್ಯಾಪಾರದಲ್ಲಿ ಕೈ ಸುಟ್ಟುಕೊಂಡವನು ‘ತೆಗ್ಗಿನ್ಯಾಗ ಬಿದ್ದಾನ’. ಬೆಂಗಳೂರಿನವರು ಇದನ್ನೇ ಗುಂಡಿ ಎನ್ನುತ್ತಾರೆ. ನಮಗೆ ಗುಂಡಿ ಎಂದರೆ ಅಂಗಿಯದು. ಹೀಗಿರುವಾಗ ಒಂದು ರಾತ್ರಿ ನಮ್ಮ ಅಳಿಯ ಒಳಗಿನ ಖೋಲಿಯಿಂದ ‘ಮಾಮಾ, ತೆಗ್ಗು ಸಿಕ್ತು!’ ಎಂದು ಕೂಗಿಕೊಂಡಾಗ ನನಗೆ ತಲೆಬುಡ ತಿಳಿಯಲಿಲ್ಲ. ಐವತ್ತೆಂಟು ವರ್ಷದ ಅನುಭವದಲ್ಲಿ ತೆಗ್ಗು ನಮಗೆ ಸಿಕ್ಕಿದ್ದಿಲ್ಲ. ನಾವೇ ಅದಕ್ಕೆ ಸಿಕ್ಕಿದ್ದೇವೆ.

ಅಳಿಯ ಎಂದರೆ ನನ್ನ ಅಕ್ಕನ ಮಗ. ಇಂಜಿನಿಯರಿಂಗ್ ಓದಲೆಂದು ಕಮಲಾಪುರದಿಂದ ಬಂದು ನಮ್ಮಲ್ಲಿ ಇದ್ದಾನೆ. ಅವನ ಲ್ಯಾಪ್‌ಟಾಪ್ ಮೂರು ಕೈ ದಾಟಿ ಬಂದದ್ದು. ಚಾಲೂ ಮಾಡಿದರೆ ಹಿಟ್ಟಿನ ಗಿರಣಿಯ ಸಪ್ಪಳ. ಹೊಸ ಆಟ ಯಾವುದನ್ನೂ ಅದು ಎಳೆಯುವುದಿಲ್ಲವಾದ್ದರಿಂದ ಅವನು ಹಳೆಯ ಆಟವೊಂದನ್ನು ಹುಡುಕಿಕೊಂಡಿದ್ದ. ಹೆಸರು ಡ್ವಾರ್ಫ್ ಫೋರ್ಟ್ರೆಸ್. ನಾನದಕ್ಕೆ ‘ಕುಳ್ಳರ ಕಿಲ್ಲಾ’ ಎಂದು ನಾಮಕರಣ ಮಾಡಿದೆ. ಕೋಟೆ ಎನ್ನಬಹುದಿತ್ತು. ಆದರೆ ಸೂಪರ್ ಮಾರ್ಕೆಟ್ ಹತ್ತಿರ ಆಟೋ ನಿಲ್ಲಿಸಿ ‘ಕೋಟೆಗೆ ಬರ್ತೀರೇನ್ರಿ’ ಎಂದು ಕೇಳಿದರೆ ಡ್ರೈವರ್ ಎರಡು ಸಲ ‘ಎಲ್ಲಿಗ್ರಿ?’ ಅನ್ನುತ್ತಾನೆ, ‘ಕಿಲ್ಲಾ’ ಎಂದರೆ ಒಂದೇ ಮಾತಿಗೆ ‘ಕುಂದ್ರಿ’.

ಇದನ್ನು ಮಾಡಿದವರು ಅಮೆರಿಕದ ಇಬ್ಬರು ಅಣ್ಣತಮ್ಮಂದಿರು, ಟಾರ್ನ್ ಆಡಮ್ಸ್ ಮತ್ತು ಝಾಕ್ ಆಡಮ್ಸ್. ಟಾರ್ನ್ ಸ್ಟ್ಯಾನ್‌ಫರ್ಡಿನಲ್ಲಿ ಗಣಿತದಲ್ಲಿ ಪಿಎಚ್‌ಡಿ ಮಾಡಿ, ಸಿಕ್ಕ ವಿಶ್ವವಿದ್ಯಾಲಯದ ಕೆಲಸವನ್ನು 2006ರಲ್ಲಿ ಬಿಟ್ಟು ಈ ಆಟ ಹಿಡಿದುಕೊಂಡು ಕೂತ. ಅದೇ ವರ್ಷ ಆಗಸ್ಟ್‌ನಲ್ಲಿ ಮೊದಲ ಆವೃತ್ತಿ ಹೊರಬಂತು. ಮುಂದೆ ಹದಿನಾರು ವರ್ಷ ಆಟವನ್ನು ಪುಕ್ಕಟೆ ಕೊಟ್ಟು, ಆಡುವವರು ಖುಷಿಯಿಂದ ಕಳಿಸಿದ ದುಡ್ಡಿನಲ್ಲಿ ಜೀವನ ಮಾಡಿದರು. ದುಡ್ಡಿಗೆ ಮಾರುವ, ಚಿತ್ರಗಳಿರುವ ಆವೃತ್ತಿ ಬಂದದ್ದು 2022ರ ಡಿಸೆಂಬರಿನಲ್ಲಿ. ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ 2012ರಲ್ಲಿ ತನ್ನ ಸಂಗ್ರಹಕ್ಕೆ ಆರಿಸಿಕೊಂಡ ಮೊದಲ ಹದಿನಾಲ್ಕು ವಿಡಿಯೋ ಆಟಗಳಲ್ಲಿ ಇದೂ ಒಂದು. ಇದನ್ನೆಲ್ಲ ಅಳಿಯ ಹೆಮ್ಮೆಯಿಂದ ಹೇಳುತ್ತಿದ್ದಾಗ ನನ್ನ ಹೆಂಡತಿಯ ಕಿವಿಗೆ ಬಿದ್ದದ್ದು ಒಂದೇ ಮಾತು. ‘ಅಷ್ಟ್ ಓದಿ ನೌಕರಿ ಬಿಟ್ಟನಾ? ಅವರವ್ವ ಏನಂದ್ಲು?’

ನಾನು ಕುರ್ಚಿ ಎಳೆದುಕೊಂಡು ನೋಡಿದೆ. ಕರೀ ಪರದೆಯ ತುಂಬ ಅಕ್ಷರ, ಚುಕ್ಕಿ, ಗೀಟು. ಅಡತಿ ಅಂಗಡಿಯ ಲೆಕ್ಕದ ಪುಸ್ತಕದ ಮೇಲೆ ಯಾರೋ ಸಕ್ಕರೆ ಚೆಲ್ಲಿ ಇರುವೆ ಮುತ್ತಿದ ಹಾಗೆ. ನಡುವೆ ಏಳು ಪುಟ್ಟ ನಗುಮುಖಗಳು. ಅವೇ ಕುಳ್ಳರು. ಏಳು ಜನ, ಒಂದು ಬಂಡಿ, ಒಂದಿಷ್ಟು ಗುದ್ದಲಿ-ಕೊಡಲಿ, ಪೀಪಾಯಿ ತುಂಬ ದಾರೂ. ಇಷ್ಟು ಕಟ್ಟಿಕೊಂಡು ಬಂದು ಗುಡ್ಡ ಕೊರೆದು ಕಿಲ್ಲಾ ಕಟ್ಟಬೇಕು. ದಾರೂ ತೀರಿದರೆ ಕೆಲಸ ನಿಧಾನವಾಗುತ್ತದೆ. ಒಬ್ಬ ಮುನಿಸಿಕೊಂಡು ಮೇಜು ಮುರಿದರೆ ಅದನ್ನು ಮಾಡಿದವನು ಮುನಿಸಿಕೊಳ್ಳುತ್ತಾನೆ, ಅವನು ಇನ್ನೊಬ್ಬನಿಗೆ ಬಾರಿಸುತ್ತಾನೆ, ಕಡೆಗೆ ಇಡೀ ಕಿಲ್ಲಾ ಹೊತ್ತಿ ಉರಿಯುತ್ತದೆ. ನಮ್ಮ ಮನೆತನದ ಲಗ್ನಗಳನ್ನು ಕಂಡ ನನಗೆ ಇದರಲ್ಲಿ ಹೊಸದೇನೂ ಇರಲಿಲ್ಲ. ಆದರೆ ಒಂದು ವಿಚಿತ್ರ ಕಣ್ಣಿಗೆ ಬಿತ್ತು. ಹಸಿವೆಯಾದರೂ, ಹೊಡೆತ ತಿಂದರೂ, ಸಾಯುತ್ತಿದ್ದರೂ ಆ ಮುಖಗಳು ನಗುತ್ತಲೇ ಇರುತ್ತವೆ. ಬೇರೆ ಮುಖ ಇಲ್ಲವಲ್ಲ, ಪಾಪ.

ಅಳಿಯ ಒಬ್ಬ ಕುಳ್ಳನಿಗೆ ‘ಮಾಮಾ’ ಎಂದು ಹೆಸರಿಟ್ಟಿದ್ದ. ಗೌರವದಿಂದ ಇಟ್ಟನೋ ಎತ್ತರ ನೋಡಿ ಇಟ್ಟನೋ ಕೇಳಲಿಲ್ಲ. ‘ಏನ್ ಕೆಲಸ ಮಾಡ್ತಾನಪಾ ಅವ?’ ಎಂದೆ. ‘ಸಾಮಾನು ಹೊರ್ತಾನ್ರಿ. ಬ್ಯಾರೆ ಏನೂ ಬರಂಗಿಲ್ಲ ಅವನಿಗಿ.’

ಅವನು ಆಡುತ್ತಿದ್ದದ್ದು 2007ಕ್ಕೂ ಹಿಂದಿನ ಆವೃತ್ತಿ. ಅದರಲ್ಲಿ ಮೇಲೆ-ಕೆಳಗೆ ಎಂಬುದಿಲ್ಲ. ಲೋಕವೆಲ್ಲ ಚಾಪೆಯ ಹಾಗೆ ಚಪ್ಪಟೆ. ಪಶ್ಚಿಮದಿಂದ ಗುಡ್ಡದೊಳಗೆ ಕೊರೆಯುತ್ತ ಮೂಡಣಕ್ಕೆ ಹೋದರೆ ಮೊದಲು ಒಂದು ಹೊಳೆ ಅಡ್ಡ ಬರುತ್ತದೆ. ಅದನ್ನು ದಾಟಿದರೆ ತೆಗ್ಗು. ಗುಡ್ಡದ ಹೊಟ್ಟೆಯನ್ನು ಉದ್ದಕ್ಕೆ ಸೀಳಿದ, ತಳ ಕಾಣದ ಬಿರುಕು. ಅದನ್ನೂ ದಾಟಿದರೆ ಕುದಿಯುವ ಬೆಂಕಿಹೊಳೆ. ನಾನು ನಕ್ಕುಬಿಟ್ಟೆ. ಮೇ ತಿಂಗಳಲ್ಲಿ ನಮ್ಮ ಮನೆಯಿಂದ ಸ್ಟೇಷನ್ನಿಗೆ ನಡೆದು ಹೋದರೆ ಇದೇ ಕ್ರಮ. ಮೊದಲು ಒಡೆದ ಪೈಪಿನ ನೀರು, ಆಮೇಲೆ ತೆಗ್ಗು, ಆಮೇಲೆ ನಲವತ್ನಾಲ್ಕು ಡಿಗ್ರಿ.

ಆ ಬಿರುಕಿಗೆ ಕನ್ನಡದಲ್ಲಿ ಏನನ್ನಬೇಕು ಎಂದು ಮಾವ-ಅಳಿಯ ಒಂದು ಸಂಜೆ ಪೂರ್ತಿ ಜಗಳಾಡಿದೆವು. ಪ್ರಪಾತ ಎಂದರೆ ಅಂಚಿನಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುವ ಜಾಗ. ಕಮರಿ ಮಲೆನಾಡಿನವರದು, ಅದರಲ್ಲಿ ಮಂಜು ಇರಬೇಕು. ಕೊರಕಲು ಎಂದರೆ ನೀರು ಹರಿದು ಆದದ್ದು. ಪಾತಾಳ ಎಂದರೆ ಬಲಿ ಚಕ್ರವರ್ತಿ ಎದ್ದು ಬರುತ್ತಾನೆ. ಕಂದಕ ಎಂದು ಸೂಚಿಸಿದೆ. ‘ಕಂದಕ ಮನಷ್ಯಾರು ತೋಡಿದ್ದು ಮಾಮಾ, ಇದು ತಾನಾಗೇ ಇರ್ತದ’ ಎಂದ. ಅದು ಖರೆ. ಆದರೆ ಈ ತೆಗ್ಗಿನ ಕೆಲಸವೆಲ್ಲ ಕಂದಕದ್ದೇ. ಶತ್ರು ಬಂದರೆ ಮೇಲಿನ ಸೇತುವೆ ಮಡಚಿದರಾಯಿತು. ಒಂದೇ ತಕರಾರು ಎಂದರೆ ಶತ್ರು ಅದರ ಒಳಗಿನಿಂದಲೂ ಬರುತ್ತಾನೆ. ಇಲಿಮನುಷ್ಯರು, ಬಾವಲಿಮನುಷ್ಯರು, ಎಮ್ಮೆಗಾತ್ರದ ಜೇಡ. ನಮ್ಮ ಓಣಿಯ ಹೆಗ್ಗಣ ಕಂಡವನಿಗೆ ಇಲಿಮನುಷ್ಯರ ಅಂಜಿಕೆ ಏನು!

ಕಡೆಗೆ ಒಂದು ಐತವಾರ ಅವನನ್ನು ನಮ್ಮ ಕಿಲ್ಲಾಕ್ಕೇ ಕರೆದುಕೊಂಡು ಹೋದೆ. 1347ರಲ್ಲಿ ಅಲ್ಲಾವುದ್ದೀನ್ ಹಸನ್ ಬಹಮನ್ ಶಾಹ ಹೊಸ ರಾಜ್ಯ ಕಟ್ಟಿ ಈ ಊರನ್ನು ರಾಜಧಾನಿ ಮಾಡಿಕೊಂಡು, ಮೊದಲೇ ಇದ್ದ ಕೋಟೆಯನ್ನು ಗಟ್ಟಿ ಮಾಡಿಸಿದ. ಎರಡು ಸುತ್ತಿನ ಗೋಡೆ, ಹದಿನೈದು ಬುರುಜು, ಇಪ್ಪತ್ತಾರು ತೋಪು ಎಂದು ಲೆಕ್ಕ. ಒಂದು ತೋಪು 29 ಅಡಿ ಉದ್ದ. ಜಗತ್ತಿನಲ್ಲೇ ಉದ್ದನೆಯದು ಎಂದು ಊರವರ ವಾದ, ನನ್ನದೂ ಅದೇ. ಒಳಗೆ 1367ರ ಜಾಮಿ ಮಸೀದಿ. ಬೇರೆ ಮಸೀದಿಗಳ ಹಾಗೆ ನಡುವೆ ಬಯಲು ಅಂಗಳವಿಲ್ಲ. ಇಡೀ ಕಟ್ಟಡಕ್ಕೆ ಚಾವಣಿ. ಹೊರಗೆ ಕಾದ ಬಾಣಲೆಯಂಥ ಬಿಸಿಲಿದ್ದಾಗ ಆ ಕಮಾನುಗಳ ಸಾಲಿನೊಳಗೆ ಹೋಗಿ ನಿಂತರೆ ಗುಡ್ಡದೊಳಗೆ ಹೋದ ಹಾಗೇ ಆಗುತ್ತದೆ. ಅಳಿಯ ಕಂಬ ಮುಟ್ಟಿ ನೋಡಿ, ‘ಕುಳ್ಳರು ಇಲ್ಲಿ ಆರಾಮ ಇರ್ತಿದ್ರು’ ಎಂದ.

ನಾನು ತೋರಿಸಬೇಕೆಂದಿದ್ದು ಮಾತ್ರ ಕಂದಕ. ಸುಮಾರು ತೊಂಬತ್ತು ಅಡಿ ಅಗಲ. ಆರು ನೂರೆಪ್ಪತ್ತು ವರ್ಷದ ಹಿಂದೆ ಯಾರ್ಯಾರೋ ಬೆವರು ಸುರಿಸಿ ತೋಡಿದ ತೆಗ್ಗು. ಗೋಡೆ ಕಟ್ಟಿದವನ ಹೆಸರು ಕಲ್ಲಿನಲ್ಲಿ ಬರೆಯುತ್ತಾರೆ. ತೆಗ್ಗು ತೋಡಿದವನ ಹೆಸರು ಎಲ್ಲಿ ಬರೆಯುವುದು? ಬರೆಯಲು ಅಲ್ಲಿ ಏನೂ ಉಳಿದಿರುವುದಿಲ್ಲ. ನಾವು ಹೋದಾಗ ಒಳಗೆ ಜೊಂಡು ಎದೆಮಟ್ಟ ಬೆಳೆದಿತ್ತು. ಅಂಚಿನಲ್ಲಿ ಪ್ಲಾಸ್ಟಿಕ್ ಚೀಲ, ತೆಂಗಿನ ಚಿಪ್ಪು, ಗಣಪತಿ ಹಬ್ಬದ ಥರ್ಮಾಕೋಲ್ ಮಂಟಪದ ಅರ್ಧ, ಒಂದೇ ಒಂದು ಹವಾಯಿ ಚಪ್ಪಲಿ. ಕಂದಕದಲ್ಲಿ ಯಾವಾಗಲೂ ಒಂದೇ ಚಪ್ಪಲಿ ಇರುತ್ತದೆ. ಇನ್ನೊಂದನ್ನು ಅವರು ಯಾಕೆ ಮನೆಯಲ್ಲಿ ಇಟ್ಟುಕೊಂಡಿರುತ್ತಾರೆ ಎಂಬುದು ನನಗೆ ಇವತ್ತಿಗೂ ಬಗೆಹರಿದಿಲ್ಲ.

ಅಳಿಯ ಮೂಗು ಮುಚ್ಚಿಕೊಂಡೇ ಬಹಳ ಉತ್ಸಾಹದಿಂದ ಹೇಳಿದ, ಆಟದಲ್ಲೂ ಹೀಗೇ ಅಂತ. ಗುಡ್ಡ ಕೊರೆದರೆ ರಾಶಿ ರಾಶಿ ಕಲ್ಲು ಬೀಳುತ್ತದೆ. ಮುರಿದ ಸಾಮಾನು, ಕೊಳೆತ ಮಾಂಸ ಬೇರೆ. ಕೊಳೆತದ್ದನ್ನು ಗುಡ್ಡದೊಳಗೇ ಬಿಟ್ಟರೆ ನೇರಳೆ ಬಣ್ಣದ ನಾತ ಎದ್ದು ಕುಳ್ಳರ ಮನಸ್ಸು ಕೆಡುತ್ತದೆ. ಅದೇ ಬಯಲಿನಲ್ಲಿ ಬಿದ್ದರೆ ನಾತವಿಲ್ಲ. ಹಾಗಾಗಿ ಎಲ್ಲರೂ ಕಸವನ್ನು ತೆಗ್ಗಿಗೇ ಚೆಲ್ಲುತ್ತಾರೆ.

‘ತುಂಬಂಗಿಲ್ಲೇನು?’

‘ಎಷ್ಟ್ ಹಾಕಿದ್ರೂ ತುಂಬಂಗಿಲ್ರಿ. ಹಾಕಿದ್ದು ಮಾಯಾನೇ ಆಗ್ತದ. ಲೆಕ್ಕದಾಗೂ ಉಳಿಯಂಗಿಲ್ಲ.’

ನನಗೆ ಆ ಗಣಿತದ ಪಂಡಿತನ ಮೇಲೆ ಒಂದು ಕ್ಷಣ ಅಸೂಯೆ ಬಂತು. ಲೋಕದ ಎಲ್ಲ ಊರುಗಳೂ ಹುಡುಕುತ್ತಿರುವ ತೆಗ್ಗು ಅದು. ನಮ್ಮದರಲ್ಲಿ ಹಾಕಿದ್ದು ಹಾಕಿದ ಹಾಗೇ ಇರುತ್ತದೆ, ಮಳೆ ಬಂದರೆ ತೇಲಿ ಮೇಲೆ ಬಂದು ನಮಸ್ಕಾರ ಹೇಳುತ್ತದೆ.

ಬಹಮನಿಯವರು ಇಲ್ಲಿ ಒಂದು ಶತಮಾನವೂ ಸರಿಯಾಗಿ ಕೂರದೆ 1420ರ ದಶಕದಲ್ಲಿ ಬೀದರಿಗೆ ಎದ್ದು ಹೋದರು. ಕಾರಣ ಇತಿಹಾಸಕಾರರು ಹಲವು ಹೇಳುತ್ತಾರೆ. ಹವಾ ಎಂಬುದು ಒಂದು. ನಮ್ಮ ಬೇಸಿಗೆ ಉಂಡವರಿಗೆ ಉಳಿದ ಕಾರಣ ಬೇಕಾಗುವುದಿಲ್ಲ. ಬೀದರಿನ ಕೆಂಪು ಜಂಬಿಟ್ಟಿಗೆ ಕೊರೆಯಲು ಮೆತ್ತಗೆ, ಗಾಳಿಗೆ ಒಡ್ಡಿದರೆ ಗಟ್ಟಿ. ಅಲ್ಲಿ ಅವರಿಗೆ ಕೊರೆಯುವ ಹುಚ್ಚು ಹಿಡಿಯಿತು. ಒಂದು ಕಂದಕ ಸಾಲದೆಂದು ಕೆಲವು ಕಡೆ ನಡುವೆ ಬಂಡೆಯ ಗೋಡೆ ಬಿಟ್ಟು ಮೂರು ಸಾಲು ಕೊರೆದರು. ನೌಬಾದಿನಲ್ಲಿ ಪರ್ಶಿಯಾದ ಪದ್ಧತಿಯಂತೆ ನೆಲದೊಳಗೆ ನೀರಿನ ದಾರಿ ಮಾಡಿ, ಉದ್ದಕ್ಕೂ ಬಾವಿಯಂಥ ಬಾಯಿಗಳನ್ನು ಬಿಟ್ಟರು. ಕರೇಜ್ ಎಂಬುದು ಅದರ ಹೆಸರು, ಜನರ ಬಾಯಲ್ಲಿ ಸುರಂಗ ಬಾವಿ. ಟಾರ್ನ್ ಆಡಮ್ಸ್ ಕಂಡಿದ್ದರೆ ಅಲ್ಲೇ ಬಾಡಿಗೆ ಮನೆ ಹಿಡಿಯುತ್ತಿದ್ದ.

ನನಗೆ ತೆಗ್ಗಿನ ಜೊತೆ ಮೊದಲ ಪರಿಚಯವಾದದ್ದು ಕಿಲ್ಲಾದಲ್ಲಲ್ಲ, ಕಮಲಾಪುರದಲ್ಲಿ, ನಮ್ಮ ತಾಯಿಯ ತವರುಮನೆಯ ಅಂಗಳದಲ್ಲಿ. ಈಗ ಕಮಲಾಪುರ ಎಂದರೆ ಕೆಂಪು ಬಾಳೆಹಣ್ಣು, ಭೌಗೋಳಿಕ ಸೂಚಿ ಪಡೆದ ಹಣ್ಣು, ತಾಲೂಕು ಕೇಂದ್ರ ಎಂಬ ಬಿಂಕ. ಆಗ ಬೀದರ ರಸ್ತೆಯ ಮೇಲಿನ ಒಂದು ಊರು. ಮುತ್ಯಾನ ಅಂಗಳದಲ್ಲಿ ಎತ್ತು ಕಟ್ಟುವ ಗೂಟದ ಪಕ್ಕ ನೆಲ ತುಸು ಉಬ್ಬಿರುತ್ತಿತ್ತು. ಅಲ್ಲಿ ಕೂತರೆ ಅಜ್ಜಿ, ನಮ್ಮ ಆಯಿ, ಬಯ್ಯುತ್ತಿದ್ದಳು. ಕೆಳಗೆ ಹಗೇವು ಇತ್ತು.

ಹಗೇವು ಕಾಣದವರಿಗೆ ಹೇಳುತ್ತೇನೆ. ನೆಲದೊಳಗೆ ಹೂತಿಟ್ಟ ದೊಡ್ಡ ಗಡಿಗೆಯ ಆಕಾರದ ತೆಗ್ಗು. ಬಾಯಿ ಒಬ್ಬನು ಇಳಿಯುವಷ್ಟು, ಹೊಟ್ಟೆ ಒಂದು ಖೋಲಿಯಷ್ಟು. ಸುತ್ತ ಕಣಕಿ, ಬೇವಿನ ಸೊಪ್ಪು ಹಾಸಿ ಜೋಳ ಸುರಿದು, ಮೇಲೆ ಪರಸಿ ಕಲ್ಲು ಮುಚ್ಚಿ, ಮಣ್ಣೆಳೆದು ಬಿಟ್ಟರೆ ಅದು ವರ್ಷಗಟ್ಟಲೆ ಇರುತ್ತಿತ್ತು. ನಿಜಾಮನ ಕಾಲಕ್ಕೆ ಲೆವಿ ಕಾಳು ವಸೂಲಿಗೆ ಬಂದವರು ಅದರ ಮೇಲೇ ಹೊರಸು ಹಾಕಿಸಿಕೊಂಡು ಕೂತು ಚಹಾ ಕುಡಿದು, ‘ಮನ್ಯಾಗ ಕಾಳಿಲ್ಲೇನು?’ ಎಂದು ಕೇಳಿ ಹೋದರಂತೆ. ರಜಾಕಾರರ ಗದ್ದಲದಲ್ಲಿ ಆಯಿಯ ಬೆಳ್ಳಿ ಡಾಬೂ ಅಲ್ಲೇ ಜೋಳದೊಳಗೆ ಮಲಗಿತ್ತು. ಹಗೆ ಎಂದರೆ ವೈರವೂ ಹೌದು ಎಂಬುದು ನೆನಪಾದಾಗಲೆಲ್ಲ ನನಗೆ ಸೋಜಿಗ. ಅದನ್ನೂ ಹೀಗೇ ಒಳಗೆ ಇಟ್ಟು, ಮಣ್ಣೆಳೆದು, ಮೇಲೆ ಕೂತು ಬಂದವರ ಜೊತೆ ಚಹಾ ಕುಡಿಯುತ್ತೇವೆ.

ಶ್ರಾವಣದ ಹೊತ್ತಿಗೆ ಹಗೇವು ತೆರೆಯುವುದು ನಮಗೆ ಜಾತ್ರೆಯಿದ್ದ ಹಾಗೆ. ಮುಂಜಾನೆಯೇ ಮಣ್ಣು ಸರಿಸಿ ಕಲ್ಲು ಎತ್ತುತ್ತಿದ್ದರು. ಬೆಚ್ಚಗಿನ ಹುಳಿನಾತ ಬುಸ್ಸೆಂದು ಮುಖಕ್ಕೆ ಬಡಿಯುತ್ತಿತ್ತು. ಆದರೆ ಕೂಡಲೇ ಯಾರೂ ಇಳಿಯುವಂತಿಲ್ಲ. ಮುತ್ಯಾ ಕಂದೀಲು ಹಚ್ಚಿ, ಹಗ್ಗಕ್ಕೆ ಕಟ್ಟಿ ನಿಧಾನವಾಗಿ ಇಳಿಸುತ್ತಿದ್ದ. ನಾವೆಲ್ಲ ಬಾಯಿಯ ಸುತ್ತ ಹೊಟ್ಟೆ ಮೇಲೆ ಮಲಗಿ ನೋಡುತ್ತಿದ್ದೆವು. ದೀಪ ಹೋಗುತ್ತ ಹೋಗುತ್ತ ಸಣ್ಣದಾಗಿ, ನೀಲಿಯಾಗಿ, ಯಾರೋ ಒಳಗಿನಿಂದ ಊದಿದ ಹಾಗೆ ಆರುತ್ತಿತ್ತು. ‘ಇನ್ನಾ ಒಲ್ಲೆ ಅಂತದ’ ಎಂದು ಮುತ್ಯಾ ಹಗ್ಗ ಎಳೆದುಕೊಳ್ಳುತ್ತಿದ್ದ. ‘ಜ್ವಾಳ ಉಸುರಾಡ್ತದ. ಅದರ ಉಸುರು ನಾವು ಕುಡೀಬಾರ್ದು.’ ಕಾಳೂ ಮನುಷ್ಯರಂತೆ ಉಸಿರಾಡಿ, ಒಳಗಿನ ಆಮ್ಲಜನಕ ತೀರಿಸಿ, ಭಾರವಾದ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ, ಅದು ತಳದಲ್ಲೇ ನಿಲ್ಲುತ್ತದೆ, ಜೋಳಕ್ಕೆ ನುಸಿ ಹತ್ತದೆ ಉಳಿಯುವುದೂ ಅದರಿಂದಲೇ ಎಂಬುದನ್ನು ನಾನು ಪಿಯುಸಿಯಲ್ಲಿ ಓದಿದೆ. ಮುತ್ಯಾ ಹೇಳಿದ್ದಕ್ಕೆ ಅದರಲ್ಲಿ ಹೆಚ್ಚೇನೂ ಸೇರಿರಲಿಲ್ಲ.

ಒಂಬತ್ತು ವರ್ಷವಿದ್ದಾಗ ನನ್ನನ್ನೂ ಒಂದು ಸಲ ಇಳಿಸಿದರು. ಮೂರನೆಯ ಸಲಕ್ಕೆ ಕಂದೀಲು ಆರದೆ ನಿಂತಮೇಲೆ, ಸೊಂಟಕ್ಕೆ ಹಗ್ಗ ಬಿಗಿದು. ಕಾಲು ಮೊಣಕಾಲಿನ ತನಕ ಜೋಳದೊಳಗೆ ಇಳಿಯಿತು. ಜೋಳ ಮೈಯ ಹಾಗೆ ಬೆಚ್ಚಗಿತ್ತು. ಮೇಲೆ ನೋಡಿದರೆ ಆಕಾಶ ಒಂದು ತಾಟಿನಷ್ಟು, ಅದರ ಅಂಚಿನಲ್ಲಿ ಮುತ್ಯಾನ ರುಮಾಲು. ‘ಮುತ್ಯಾ’ ಎಂದೆ. ನನ್ನ ದನಿ ದಪ್ಪಗಾಗಿ, ಯಾರೋ ದೊಡ್ಡವರು ಕರೆದ ಹಾಗೆ ವಾಪಸು ಬಂತು. ಅವತ್ತಿನ ರೊಟ್ಟಿಗೆ ಮುಗ್ಗಲು ವಾಸನೆ. ಪೇಟೆಯಿಂದ ಬಂದ ಬೀಗರು ಮುಖ ಹಿಂಡಿದರು. ನನಗೆ ಈಗಲೂ ಆ ರೊಟ್ಟಿ ಬೇಕು, ಎಲ್ಲೂ ಸಿಗುವುದಿಲ್ಲ. ಹಗೇವನ್ನು ಆಮೇಲೆ ಮಣ್ಣು ತುಂಬಿ ಮುಚ್ಚಿದರು. ಅದರ ಮೇಲೀಗ ನನ್ನ ಸೋದರಮಾವನ ಮಗನ ಕಾರು ನಿಲ್ಲುತ್ತದೆ.

ಇದನ್ನು ಕೇಳಿದ ಅಳಿಯ ಬಹಳ ಹೊತ್ತು ಯೋಚಿಸಿ, ‘ಆಟದಾಗ ಹಿಂಗ ದೀಪ ಆರಂಗಿಲ್ಲ ಮಾಮಾ’ ಎಂದ. ತುಸು ನಾಚಿಕೊಂಡೇ ಹೇಳಿದ, ತಾನೇ ಮಾಡಿದ ಆಟದಲ್ಲಿ ತಪ್ಪು ಸಿಕ್ಕವನ ಹಾಗೆ.

ಮುತ್ಯಾನ ಇನ್ನೊಂದು ಕಥೆ ಸುರಂಗದ್ದು. ಕಲಬುರಗಿ ಕಿಲ್ಲಾದಿಂದ ಬೀದರ ಕಿಲ್ಲಾದ ತನಕ ನೆಲದೊಳಗೇ ದಾರಿ ಇತ್ತಂತೆ, ಕುದುರೆ ಸವಾರರು ಜೋಡಿಯಾಗಿ ಹೋಗುತ್ತಿದ್ದರಂತೆ. ಕೋಟೆಯಿರುವ ಯಾವ ಊರಿಗೆ ಹೋದರೂ ಈ ಸುರಂಗ ಇರುತ್ತದೆ. ಒಂದೊಂದು ಊರಿನಲ್ಲಿ ಅದರ ಬಾಯಿಯನ್ನೂ ತೋರಿಸುತ್ತಾರೆ, ಹೊಕ್ಕ ಕುರಿ ಹೊರಗೆ ಬರಲಿಲ್ಲ ಎಂಬ ಸಾಕ್ಷಿಯ ಸಮೇತ. ನಾನು ದೊಡ್ಡವನಾದ ಮೇಲೆ ನಕ್ಕಿದ್ದೆ. 2017ರ ಅಕ್ಟೋಬರ್‌ನಲ್ಲಿ ಬೀದರ–ಕಲಬುರಗಿ ರೈಲು ಉದ್ಘಾಟನೆಯಾಯಿತು. 110 ಕಿಲೋಮೀಟರ್ ಹಾದಿ, ನಡುವೆ ಕಮಲಾಪುರದ ಹತ್ತಿರ ಮರಗುತ್ತಿಯಲ್ಲಿ ಗುಡ್ಡ ಕೊರೆದು ಒಂದೂವರೆ ಕಿಲೋಮೀಟರಿಗೂ ಉದ್ದದ ಸುರಂಗ. ಮುತ್ಯಾ ಸುಳ್ಳು ಹೇಳಿರಲಿಲ್ಲ, ತುಸು ಅವಸರ ಮಾಡಿದ್ದ ಅಷ್ಟೇ. ನಾನೂ ಅಳಿಯನೂ ಒಮ್ಮೆ ಆ ರೈಲು ಹತ್ತಿದೆವು. ಸುರಂಗ ಬಂದಾಗ ಮಕ್ಕಳು ಕೂಗಿದವು, ಒಬ್ಬ ಹೆಣ್ಣುಮಗಳು ಸೆರಗಿನ ಗಂಟು ಹಿಡಿದುಕೊಂಡಳು. ಎಲ್ಲರ ಫೋನೂ ಒಂದೇ ಸಲ ಬಾಯಿ ಮುಚ್ಚಿದವು. ಎದುರಿಗೆ ಕೂತು ಹುಮನಾಬಾದಿನಿಂದ ಜೋರಾಗಿ ಆಸ್ತಿ ವ್ಯಾಜ್ಯ ಮಾತಾಡುತ್ತಿದ್ದವರು, ಬೆಳಕಿಗೆ ಬಂದ ಮೇಲೆ, ‘ಹಲೋ… ಹಲೋ… ಎಲ್ಲೀ ತನ ಕೇಳಿಸ್ತು?’ ಎಂದರು.

ನೆಲ ಯಾವಾಗಲೂ ಹೀಗೆ ತಮಾಷೆಗೆ ಸಿಗುವುದಿಲ್ಲ. 2021ರ ಅಕ್ಟೋಬರ್‌ನಲ್ಲಿ ಚಿಂಚೋಳಿ ತಾಲೂಕಿನ ಗಡಿಕೇಶ್ವಾರದ ಕಡೆ ನೆಲದೊಳಗಿನಿಂದ ಗುಡುಗು ಕೇಳಿಸತೊಡಗಿತು. ನಾಲ್ಕರ ಆಸುಪಾಸಿನ ಕಂಪನವೂ ಆಯಿತು. ಮಳೆಗಾಲದ ನೀರು ಸುಣ್ಣಕಲ್ಲಿನ ಪದರಗಳಲ್ಲಿ ಇಳಿದು ಹೀಗಾಗುತ್ತದೆ ಎಂದು ತಿಳಿದವರು ವಿವರಿಸಿದರು. 1993ರ ಕಿಲ್ಲಾರಿ ಭೂಕಂಪ ಕಂಡವರಿಗೆ ವಿವರಣೆ ಕಿವಿಗೆ ಹೋಗುವುದಿಲ್ಲ. ಜನ ಮನೆ ಬಿಟ್ಟು ಅಂಗಳದಲ್ಲಿ ಮಲಗಿದರು, ಎಷ್ಟೋ ಮಂದಿ ಗಂಟುಮೂಟೆ ಕಟ್ಟಿ ನೆಂಟರ ಊರಿಗೆ ಹೋದರು. ಆ ಕಡೆಯ ನನ್ನ ಗೆಳೆಯನೊಬ್ಬ ಫೋನಿನಲ್ಲಿ ಹೇಳಿದ್ದ: ‘ಅಲ್ಲಾಡಿದ್ರ ಅಂಜಿಕಿ ಇಲ್ಲೋ ಮಾರಾಯ. ಕೆಳಗ ಯಾರೋ ಸಾಮಾನು ಎಳದಾಡಿದಂಗ ಕೇಳಸ್ತದ ನೋಡು, ಅದು ಬ್ಯಾಡ.’

ಆಟದಲ್ಲಿ ಈಗ ಆ ತೆಗ್ಗು ಇಲ್ಲವಂತೆ. 2007ರ ಕೊನೆಗೆ ಲೋಕಕ್ಕೆ ಮೇಲೆ-ಕೆಳಗೆ ಬಂತು, 2010ರಲ್ಲಿ ಬಿರುಕುಗಳನ್ನು ತೆಗೆದು, ಅವುಗಳ ಜಾಗದಲ್ಲಿ ಒಂದರ ಕೆಳಗೊಂದು ಮೂರು ಅಂತಸ್ತಿನ ಗವಿಗಳನ್ನು ಹರಡಿದರು. ಗವಿಗಳಲ್ಲಿ ಕೆರೆ, ಅಣಬೆಯ ಕಾಡು, ನೋಡಲು ಬಹಳ ಚೆಂದ. ಹಾಕಿದ್ದು ಮಾಯವಾಗುವ ಸುಖ ಮಾತ್ರ ಹೋಯಿತು. ಹೆಣ ಸಿಗದೆ ಹೋದ ಕುಳ್ಳನ ಹೆಸರಿನಲ್ಲಿ ಒಂದು ಕಲ್ಲು ಕೆತ್ತಿ ನಿಲ್ಲಿಸದಿದ್ದರೆ ಅವನು ದೆವ್ವವಾಗಿ ಕಾಡುವುದೂ ಆಮೇಲೇ ಬಂದದ್ದು. ಈ ಬದಲಾವಣೆ ನನಗೆ ಹಿಡಿಸಿತು. ವೀರಗಲ್ಲಿಲ್ಲದ ಊರನ್ನು ಕಿಲ್ಲಾ ಎಂದು ಹೇಗೆ ಒಪ್ಪುವುದು? ಅಳಿಯನ ಹಳೆಯ ಆವೃತ್ತಿಯಲ್ಲಿ ಆ ವ್ಯವಸ್ಥೆ ಇಲ್ಲ.

ಹೋದ ವಾರ ಬೆಳಿಗ್ಗೆ ಅವನು ಸಪ್ಪೆ ಮುಖ ಹೊತ್ತು ಅಡುಗೆಮನೆಗೆ ಬಂದ. ರಾತ್ರಿ ಇಲಿಮನುಷ್ಯರು ಸೇತುವೆಯ ತನಕ ಬಂದಿದ್ದರಂತೆ. ಇವನು ಗಾಬರಿಯಲ್ಲಿ ಸೇತುವೆ ಮಡಚಿಸಿದ್ದಾನೆ. ಅದರ ಮೇಲೆ ಯಾರಿದ್ದಾರೆಂದು ನೋಡಿಲ್ಲ.

‘ಮಾಮಾ ಹೋದ್ರಿ.’

ನಾನು ಚಹಾದ ಬಸಿ ಕೆಳಗಿಟ್ಟೆ. ‘ಯಾಕ್ ಹೋಗಿದ್ದ ಅವ ಅಲ್ಲಿಗಿ?’

‘ಕಸಾ ಚೆಲ್ಲಲಾಕ.’

‘ಏನೂ ಸಿಗಲಿಲ್ಲೇನು?’

‘ಏನಿಲ್ರಿ. ಹೆಸರೂ ಪಟ್ಟಿಯಾಗಿಲ್ಲ.’

ಅಷ್ಟರಲ್ಲಿ ಓಣಿಯ ತುದಿಯಲ್ಲಿ ಕಸದ ಗಾಡಿಯ ಹಾಡು ಕೇಳಿಸಿತು. ಹೆಂಡತಿ ಒಲೆಯ ಮುಂದಿನಿಂದ ತಿರುಗದೆಯೇ ಹೇಳಿದಳು: ‘ರೀ, ಹಸಿ ಬಕೀಟು ಬಾಗಿಲಾಗ ಅದ. ಅವ ಹೋಗಿಬಿಡ್ತಾನ, ಲಗೂ ಹೋಗ್ರಿ. ಚಂಬರ ಮುಚ್ಚಳ ತೆಗದಾರ, ತೆಗ್ಗು ನೋಡಿಕೊಂಡು.’